ಮೊಂತಿ ಹಬ್ಬಕ್ಕೆ ಹಾಕಿದ ಸೆಲ್ಲು

ಸ್ಟ್ಯಾನಿಸ್ಲಾಸ್ ಅಂಕಲ್ ತಮ್ಮ ಯಂತ್ರವನ್ನು ನನ್ನ ಕೈಗೆ ಕೊಡುವ ಮೊದಲು ಒಂದೇ ಮಾತನ್ನು ಮೂರು ಸಲ ಹೇಳಿದರು. ಮೂರನೆಯ ಸಲ ನನಗೆ ಕಿರಿಕಿರಿಯಾಯಿತು.

"ದೊಡ್ಡ ಸೆಲ್ಲು ತೆಗೆದಾಗ ಚಿಕ್ಕದನ್ನು ಮುಟ್ಟಬಾರದು. ಚಿಕ್ಕದನ್ನು ತೆಗೆದಾಗ ದೊಡ್ಡದನ್ನು ಮುಟ್ಟಬಾರದು. ಗೊತ್ತುಂಟಲ್ಲ?"

"ಗೊತ್ತುಂಟು ಅಂಕಲ್. ಇಂಥದ್ದು ನನ್ನ ಹತ್ತಿರ ನಲವತ್ತೊಂದು ಉಂಟು."

"ನಲವತ್ತೊಂದರ ಒಳಗೆ ಏನಾದರೂ ಉಂಟಾ?"

"ಒಳಗೆ ಅಂದರೆ?"

"ಯಾರಾದರೂ ಬರೆದದ್ದು."

ಇರಲಿಲ್ಲ. ನನ್ನ ಕೈಗೆ ಬರುವ ಹೊತ್ತಿಗೆ ಎಲ್ಲವೂ ಖಾಲಿಯಾಗಿರುತ್ತಿದ್ದವು.

ನಾನು ಹಳೆಯ ಪಾಕೆಟ್ ಕಂಪ್ಯೂಟರ್‌ಗಳನ್ನು ಸಂಗ್ರಹಿಸುತ್ತೇನೆ. ಎಂಬತ್ತರ ದಶಕದ ಯಂತ್ರಗಳು. ನೋಡಿದವರು ಕ್ಯಾಲ್ಕುಲೇಟರ್ ಎಂದುಕೊಳ್ಳುತ್ತಾರೆ. ಆದರೆ ಇದರಲ್ಲಿ ಎ ಯಿಂದ ಝಡ್‌ವರೆಗೆ ಪುಟ್ಟ ಪುಟ್ಟ ಕೀಗಳಿರುತ್ತವೆ, ಒಂದೆರಡು ಸಾಲಿನ ಸ್ಕ್ರೀನ್ ಇರುತ್ತದೆ, ನಮ್ಮದೇ ಪ್ರೋಗ್ರಾಂ ಬರೆದು ಇಡಬಹುದು. ಆ ಕಾಲದಲ್ಲಿ ಗಲ್ಫಿಗೆ ಹೋದ ಎಂಜಿನಿಯರ್‌ಗಳು, ಸರ್ವೇಯರ್‌ಗಳು ಇವನ್ನು ಕೊಂಡರು. ಊರಿಗೆ ಬಂದ ಮೇಲೆ ಕಪಾಟಿನಲ್ಲಿಟ್ಟು ಮರೆತರು. ಸೆಲ್ಲು ಒಳಗೇ ಸೋರಿ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಹಾಗಾಗಿ ಯಾವ ಯಂತ್ರ ಬಂದರೂ ನಾನು ಮಾಡುವ ಮೊದಲ ಕೆಲಸ ಒಂದೇ: ಒಳಗಿರುವ ಎಲ್ಲ ಸೆಲ್ಲುಗಳನ್ನು ತೆಗೆದು ಹೊರಗಿಡುವುದು. ಆಮೇಲೆ ವಿನೆಗರ್, ಇಯರ್‌ಬಡ್ಸ್, ಬ್ರಷ್.

ನನ್ನ ಹೆಸರು ಉಜ್ವಲ್. ಮನೆ ಕಾರ್ಕಳದ ಹತ್ತಿರದ ಕುಕ್ಕುಂದೂರು. ನಿಟ್ಟೆಯಲ್ಲಿ ಬಾಡಿಗೆ ಕೋಣೆ, ಅಲ್ಲೇ ಹತ್ತಿರದ ಕಾಲೇಜಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಕೆಲಸ. ಸಂಗ್ರಹಕಾರರ ವಾಟ್ಸ್ಆ್ಯಪ್ ಗುಂಪೊಂದರಲ್ಲಿ ಜನ ನನ್ನನ್ನು 'ಸರ್' ಎನ್ನುತ್ತಾರೆ. ಪತ್ರಿಕೆಯಲ್ಲಿ ಎರಡು ಸಾಲಿನ ಜಾಹೀರಾತು ಹಾಕಿದ್ದೆ: ಹಳೆಯ ಪಾಕೆಟ್ ಕಂಪ್ಯೂಟರ್ ಇದ್ದರೆ ಕೊಳ್ಳುತ್ತೇನೆ, ರಿಪೇರಿಯನ್ನೂ ಮಾಡುತ್ತೇನೆ. ಕಾಪುವಿನಿಂದ ಸ್ಟ್ಯಾನಿಸ್ಲಾಸ್ ಅಂಕಲ್ ಫೋನ್ ಮಾಡಿ, "ಕೊಡಲಿಕ್ಕಲ್ಲ. ಒಂದು ಕೀ ಕೆಲಸ ಮಾಡುವುದಿಲ್ಲ, ಅಷ್ಟೆ" ಎಂದಿದ್ದರು.

ಅವರಿಗೆ ಎಪ್ಪತ್ತೆಂಟು. ಬಹ್ರೇನಿನಲ್ಲಿ ಸರ್ವೇಯರ್ ಆಗಿದ್ದವರು. ತೊಂಬತ್ತಾರರಲ್ಲಿ ಊರಿಗೆ ಮರಳಿದ ಮೇಲೆ ಕಾಪು ಸುತ್ತಮುತ್ತ ಯಾರೇ ಮನೆಗೆ ಪಂಚಾಂಗ, ಅಂದರೆ ಅಡಿಪಾಯ, ಹಾಕಲಿ, ನೆಲದ ಮಟ್ಟ ನೋಡಲು ಇವರನ್ನು ಕರೆಯುತ್ತಿದ್ದರು. ಇವರು ಮೂರು ಕಾಲಿನ ಲೆವೆಲ್ ಮಷೀನು ಸ್ಕೂಟರಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಅಳೆದ ಪ್ರತಿ ಜಾಗದ ಎತ್ತರವನ್ನು ಈ ಕ್ಯಾಸಿಯೊ ಯಂತ್ರದಲ್ಲಿ ಸೇರಿಸುತ್ತಿದ್ದರು. ಇಗರ್ಜಿಯ ಮೆಟ್ಟಿಲು, ಮೋರಿಯ ಕಟ್ಟೆ, ಯಾರದೋ ಬಾವಿಕಟ್ಟೆ. ಒಟ್ಟು ಇನ್ನೂರ ಹನ್ನೆರಡು ಜಾಗ. ಮಳೆಗಾಲದಲ್ಲಿ ಯಾರ ಅಂಗಳಕ್ಕೆ ಮೊದಲು ನೀರು ಬರುತ್ತದೆ ಎಂದು ಅವರು ಕೂತಲ್ಲಿಂದಲೇ ಹೇಳುತ್ತಿದ್ದರಂತೆ.

"ಪುಸ್ತಕದಲ್ಲಿ ಬರೆದಿಡಲಿಲ್ಲವಾ?" ಎಂದು ಕೇಳಿದ್ದೆ.

"ಬಹ್ರೇನಿನ ಪುಸ್ತಕ ಎಲ್ಲ ಒಂದೇ ಮಳೆಗಾಲದಲ್ಲಿ ಒರಲೆ ತಿಂದಿತು. ಆಮೇಲೆ ಕಾಗದದ ಸಹವಾಸ ಬಿಟ್ಟೆ."

"ಮದುವೆ ಆಲ್ಬಮ್ ಕೂಡ ತಿಂದಿತು," ಎಂದರು ಅವರ ಹೆಂಡತಿ ಇಮೆಲ್ಡಾ ಆಂಟಿ. "ಅದಕ್ಕೆ ಇಷ್ಟು ಬೇಸರ ಮಾಡಲಿಲ್ಲ ಇವರು."

ಯಂತ್ರದೊಳಗೆ ಎರಡು ದೊಡ್ಡ ಬಟನ್ ಸೆಲ್ಲು, ಒಂದು ಚಿಕ್ಕದು. ಯಂತ್ರ ಓಡುವುದು ದೊಡ್ಡದರಿಂದ. ದೊಡ್ಡದನ್ನು ಬದಲಿಸುವಾಗ ಬರೆದದ್ದು ಅಳಿಯದಂತೆ ಕಾಯುವುದು ಚಿಕ್ಕದು. ಮೂರೂ ಒಟ್ಟಿಗೆ ಹೊರಬಂದರೆ ಎಲ್ಲ ಖಾಲಿ. ಅದಕ್ಕೆ ಅಂಕಲ್ ಒಂದು ಕ್ರಮ ಇಟ್ಟುಕೊಂಡಿದ್ದರು. ಸೆಪ್ಟೆಂಬರ್ ಎಂಟು, ಕ್ರೈಸ್ತರ ತೆನೆಹಬ್ಬವಾದ ಮೊಂತಿ ಹಬ್ಬದ ದಿನ, ಇಗರ್ಜಿಯಿಂದ ಹೊಸ ತೆನೆ ತಂದು ಊಟ ಮಾಡಿದ ಮೇಲೆ ಚಿಕ್ಕ ಸೆಲ್ಲು ಬದಲಿಸುವುದು. ಕ್ರಿಸ್ಮಸ್ಸಿನ ಹಿಂದಿನ ದಿನ ದೊಡ್ಡವು ಎರಡು. ಮೂವತ್ತು ವರ್ಷ ಒಂದು ಸಲವೂ ತಪ್ಪಿರಲಿಲ್ಲ.

ತಪ್ಪಿದ್ದು ನನ್ನ ಮೇಜಿನ ಮೇಲೆ.

ಜನವರಿಯ ಒಂದು ಶನಿವಾರ, ಮಧ್ಯಾಹ್ನ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಅದೇ ದಿನ ಕೊಯಮತ್ತೂರಿನಿಂದ ಯಾರದೋ ಹಳೆಯ ಶಾರ್ಪ್ ಯಂತ್ರ ಕೊರಿಯರಿನಲ್ಲಿ ರಿಪೇರಿಗೆ ಬಂದಿತ್ತು. ಸೆಲ್ಲು ಸೋರಿ ಹಸಿರು ಪುಡಿ ಕಟ್ಟಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಮೊದಲು ಕ್ಯಾಸಿಯೊ ಆನ್ ಮಾಡಿದೆ. ಕೆಟ್ಟಿದ್ದು ಮೆಮೊ ಕೀ, ಅಂದರೆ ಸೇರಿಸಿಟ್ಟ ಪಟ್ಟಿಯನ್ನು ತೋರಿಸುವ ಕೀ. ಪೆನ್ಸಿಲಿನ ಹಿಂಬದಿಯ ರಬ್ಬರಿನಿಂದ ಹತ್ತು ಸಲ ಒತ್ತಿದ ಮೇಲೆ ಒಂದು ಸಲ ಕೆಲಸ ಮಾಡಿತು. ಒಂದು ಸಾಲು ಬಂತು. ಪಟ್ಟಿ ಇದೆ ಎಂದು ಗೊತ್ತಾಯಿತು, ಅಷ್ಟಕ್ಕೆ ಬಿಟ್ಟೆ. ಫೋನಿನಲ್ಲಿ ಗುಂಪಿನ ಯಾರೋ ಶಾರ್ಪಿನ ಬಗ್ಗೆ ಕೇಳುತ್ತಿದ್ದರು. ಉತ್ತರ ಕೊಡುತ್ತಾ ಸ್ಕ್ರೂ ಬಿಚ್ಚಿದೆ. ದೊಡ್ಡ ಸೆಲ್ಲು ಎರಡು ತೆಗೆದು ತಟ್ಟೆಗೆ ಹಾಕಿದೆ. ಚಿಕ್ಕ ಮುಚ್ಚಳ ತೆಗೆದೆ. ಅದರ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿ ಪೆನ್ನಿನಲ್ಲಿ ಸೆಪ್ಟೆಂಬರ್ ಎಂಟು ಎಂದು ಬರೆದಿದ್ದರು, ವರ್ಷ ಹಾಕಿರಲಿಲ್ಲ. ಓದಿದೆ ಕೂಡ. ಓದುತ್ತಲೇ ಚಿಮಟದಿಂದ ಚಿಕ್ಕದನ್ನೂ ಎತ್ತಿ ತಟ್ಟೆಗೆ ಹಾಕಿದೆ.

ಮೂರನೆಯದು ತಟ್ಟೆಯಲ್ಲಿ ಟಣ್ಣೆಂದಾಗ ಗೊತ್ತಾಯಿತು. ಅವಸರದಲ್ಲಿ ವಾಪಸು ಹಾಕುವಾಗ ಅದು ಒಮ್ಮೆ ಕೆಳಗೆ ಬಿತ್ತು. ಮೇಜಿನಡಿ ಹುಡುಕಿ ತೆಗೆದು ಹಾಕಿದೆ. ಆನ್ ಮಾಡಿದೆ. ಅಂಗಡಿಯಿಂದ ಆಗ ತಂದಂತೆ ಖಾಲಿ.

ಆ ಹೊತ್ತಿಗೆ ಅದು ಬರೀ ತಪ್ಪು. ಫೋನ್ ಮಾಡಿ ಹೇಳಿದ್ದರೆ ತಪ್ಪಾಗಿಯೇ ಉಳಿಯುತ್ತಿತ್ತು. ನಾನು ಮಾಡಿದ್ದು ಬೇರೆ. ಅವರು ಹಾಕಿದ್ದ ಚಿಕ್ಕ ಸೆಲ್ಲನ್ನು ಮೀಟರಿನಲ್ಲಿ ನೋಡಿದೆ. 3.1 ವೋಲ್ಟ್. ಹೊಸದು. ನನ್ನ ಕಸದ ಡಬ್ಬಿಯಿಂದ ಅದೇ ಅಳತೆಯ ಸತ್ತ ಸೆಲ್ಲೊಂದನ್ನು ಹುಡುಕಿದೆ. 0.4 ವೋಲ್ಟ್. ಅದನ್ನು ಒಳಗೆ ಹಾಕಿ ಮುಚ್ಚಳ ಮುಚ್ಚಿ, ಪ್ಲಾಸ್ಟರನ್ನು ಬೆರಳಿನಿಂದ ಒತ್ತಿ ಮೊದಲಿನಂತೆ ಕೂರಿಸಿದೆ. ಮೆಮೊ ಕೀಯನ್ನು ಮಾತ್ರ ಚೆನ್ನಾಗಿ ರಿಪೇರಿ ಮಾಡಿದೆ.

ಮರುದಿನ ಕಾಪುವಿಗೆ ಹೋಗಿ ಹೇಳಿದೆ: "ಅಂಕಲ್, ನಾನು ತೆರೆಯುವಾಗಲೇ ಖಾಲಿ ಇತ್ತು. ಚಿಕ್ಕ ಸೆಲ್ಲು ಸತ್ತಿತ್ತು. ಕ್ರಿಸ್ಮಸ್ಸಿಗೆ ನೀವು ದೊಡ್ಡದನ್ನು ತೆಗೆದಾಗಲೇ ಎಲ್ಲ ಹೋಗಿರಬೇಕು. ಕೀ ಕೆಟ್ಟಿತ್ತಲ್ಲ, ನಿಮಗೆ ಗೊತ್ತಾಗಲಿಲ್ಲ."

"ಮೊಂತಿ ಹಬ್ಬಕ್ಕೆ ಹಾಕಿದ್ದೇನೆ ನಾನು."

"ನೀವೇ ನೋಡಿ."

ಅವರ ಹತ್ತಿರ ಸ್ವಂತ ಮೀಟರ್ ಇತ್ತು. ಕನ್ನಡಕ ಏರಿಸಿ, ಎರಡು ತಂತಿ ಹಿಡಿದು ನೋಡಿದರು. ಮತ್ತೊಮ್ಮೆ ನೋಡಿದರು. ಜೀವನವಿಡೀ ಉಪಕರಣ ತೋರಿಸಿದ ಅಂಕಿಯನ್ನು ನಂಬಿದವರು. ಇದನ್ನೂ ನಂಬಿದರು.

"ಹಬ್ಬದ ದಿನ ನಾವು ಮಣಿಪಾಲದಲ್ಲಿ ಇದ್ದೆವಲ್ಲ, ಫಿಯೋನಾಳ ಮನೆಯಲ್ಲಿ," ಎಂದರು ಆಂಟಿ. ಫಿಯೋನಾ ಅವರ ಮಗಳು, ಬ್ಯಾಂಕಿನಲ್ಲಿ ಕೆಲಸ.

"ಬಂದ ಮೇಲೆ ಹಾಕಿದೆ. ಸಂಜೆ."

"ಹಾಕಿದಿರಾ?"

ಅಂಕಲ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಗ ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. "ಕೆಲವು ಸಲ ಹೋದ ವರ್ಷ ಮಾಡಿದ್ದೇ ಈ ವರ್ಷ ಮಾಡಿದ ಹಾಗೆ ನೆನಪಿರುತ್ತದೆ ಅಂಕಲ್. ಎಲ್ಲರಿಗೂ ಆಗುತ್ತದೆ," ಎಂದೆ. ಆಂಟಿ ಕೊಟ್ಟ ಕಾಫಿ ಕುಡಿದೆ. ರಿಪೇರಿಗೆ ಹಣ ಬೇಡ ಎಂದೆ. ದಾರಿಯುದ್ದಕ್ಕೂ ಹಣ ಬೇಡ ಎಂದದ್ದನ್ನೇ ನೆನಪಿಸಿಕೊಂಡು ಕಾರ್ಕಳ ಮುಟ್ಟಿದೆ.

ಮಾರ್ಚಿನಲ್ಲಿ ಆಂಟಿಯ ಫೋನ್ ಬಂತು. "ನೀನೇ ತೆಗೆದುಕೊಂಡು ಹೋಗು ಆ ಯಂತ್ರ. ಅವರಿಗೆ ಬೇಡವಂತೆ. ಯಾರಿಗೋ ಕೊಡುವುದಕ್ಕಿಂತ ನಿನ್ನ ಹತ್ತಿರ ಇದ್ದರೆ ಒಳ್ಳೆಯದು ಅಂತ ಹೇಳಿದರು."

ಮೊದಲು ಬಂದ ಯೋಚನೆ ನಲವತ್ತೆರಡು ಎಂಬುದು. ಅದನ್ನು ಬಚ್ಚಿಟ್ಟು ಪ್ರಯೋಜನವಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೋದೆ. ಅಂಗಳದಲ್ಲಿ ಸ್ಕೂಟರ್ ಇರಲಿಲ್ಲ. ಬಾಗಿಲ ಚೌಕಟ್ಟಿಗೆ ಒಂದು ಚೀಟಿ ಅಂಟಿಸಿತ್ತು: 'ಗ್ಯಾಸ್ ಆಫ್. ಪಂಪ್ ಆಫ್. ಕೀ ಜೇಬಿನಲ್ಲಿ.' ಸರ್ವೇಯರರ ಅಕ್ಷರ, ಒಂದೇ ಅಳತೆಯದು. ಫ್ರಿಜ್ಜಿನ ಮೇಲೆ ಇನ್ನೊಂದು ಚೀಟಿ, ಸ್ವಿಚ್ ಬೋರ್ಡಿನ ಹತ್ತಿರ ಇನ್ನೊಂದು.

"ಸ್ಕೂಟರ್ ಎಲ್ಲಿ ಆಂಟಿ?"

"ಫಿಯೋನಾ ಮಾರಿಸಿದಳು. ಶಿರ್ವದವರು ಯಾರೋ ತೆಗೆದುಕೊಂಡರು." ಆಂಟಿ ಧ್ವನಿ ತಗ್ಗಿಸಿದರು. "ಸೆಲ್ಲಿನ ವಿಷಯ ಕೇಳಿ ಅವಳಿಗೆ ಹೆದರಿಕೆಯಾಯಿತು. ಡಾಕ್ಟರಿಗೆ ತೋರಿಸಿದಳು. ಅವರು ಪ್ರಾಯಕ್ಕೆ ತಕ್ಕ ಹಾಗೆ ಉಂಟು ಅಂತಲೇ ಹೇಳಿದ್ದು. ಆದರೆ ಇವರೇ ನಂಬುವುದಿಲ್ಲ. ಹಾಕಿದ್ದು ಅಷ್ಟು ಸರಿಯಾಗಿ ನೆನಪುಂಟು, ಅದೇ ಸುಳ್ಳಾದರೆ ಮತ್ತೆಂತ ನಂಬುವುದು ಅಂತ ಕೇಳುತ್ತಾರೆ. ವಾಸು ಮನೆ ಕಟ್ಟುತ್ತಿದ್ದಾನೆ, ಎದುರುಮನೆಯವನು. ಲೆವೆಲ್ ನೋಡಲಿಕ್ಕೆ ಇವರನ್ನೇ ಕರೆದ. ನನಗೆ ಈಗ ಆಗುವುದಿಲ್ಲ ಅಂದುಬಿಟ್ಟರು."

ಅಂಕಲ್ ಒಳಗಿನಿಂದ ಯಂತ್ರ ತಂದು ಮೇಜಿನ ಮೇಲಿಟ್ಟರು. ಮೂಲ ಪೆಟ್ಟಿಗೆ, ಜಪಾನಿನಲ್ಲಿ ಮುದ್ರಿಸಿದ ಕೈಪಿಡಿ, ಮಡಿಕೆ ಕೂಡ ಬೀಳದ ಗ್ಯಾರಂಟಿ ಕಾರ್ಡು. ಮೂರೂ ಒಟ್ಟಿಗೆ ಸಿಗುವುದು ಅಪರೂಪ. ನಾನು ಕಾರ್ಡಿನ ಮೂಲೆಗಳನ್ನು ಗಮನಿಸುತ್ತಿದ್ದೆ. ಹಾಗೆ ಗಮನಿಸುತ್ತಿದ್ದೇನೆ ಎಂದು ಗೊತ್ತಾದಾಗ ಹೇಳಿಬಿಟ್ಟೆ.

"ಅಂಕಲ್, ನೀವು ಸೆಲ್ಲು ಹಾಕಿದ್ದಿರಿ."

"ಎಂತ?"

"ಮೊಂತಿ ಹಬ್ಬಕ್ಕೆ. ಹಾಕಿದ್ದಿರಿ. ಹೊಸದೇ ಇತ್ತು. ಮೂರನ್ನೂ ಒಟ್ಟಿಗೆ ತೆಗೆದದ್ದು ನಾನು. ಸತ್ತ ಸೆಲ್ಲು ಹಾಕಿ ನಿಮಗೆ ತೋರಿಸಿದ್ದೂ ನಾನೇ."

ಅವರು ಪೆಟ್ಟಿಗೆ ಅಲ್ಲೇ ಬಿಟ್ಟು ಹತ್ತಿರ ಬಂದರು. ಆಮೇಲೆ ನನ್ನ ಭುಜ ತಟ್ಟಿದರು.

"ಇಮೆಲ್ಡಾ ಹೇಳಿಕೊಟ್ಟಳಾ?"

"ಇಲ್ಲ ಅಂಕಲ್."

"ಫಿಯೋನಾ? ಅವಳಿಗೆ ಈಗ ಬೇಸರ ಶುರುವಾಗಿದೆ, ಸ್ಕೂಟರ್ ಮಾರಿದ್ದಕ್ಕೆ. ನೀನು ಒಳ್ಳೆಯವನು ಮಾರಾಯ. ಆದರೆ ಹೀಗೆಲ್ಲ ನಾಟಕ ಮಾಡಬಾರದು. ನಾನೇ ಅಳೆದು ನೋಡಿದ್ದೇನಲ್ಲ. ಸೊನ್ನೆ ಪಾಯಿಂಟ್ ನಾಲ್ಕು."

ಇದನ್ನು ನಾನು ಎಣಿಸಿರಲಿಲ್ಲ. ಬಯ್ಯುತ್ತಾರೆ, ಹೊರಗೆ ಹೋಗು ಎನ್ನುತ್ತಾರೆ ಎಂದುಕೊಂಡಿದ್ದೆ. ಒಳ್ಳೆಯವನು ಎಂದುಬಿಟ್ಟರು. ಪೆಟ್ಟಿಗೆಯನ್ನು ನನ್ನ ಕಡೆಗೆ ದೂಡಿದರು. ಎತ್ತಿಕೊಂಡು ಹೊರಡಬಹುದಿತ್ತು. ಹೇಳಿಯೂ ಆಗಿತ್ತು, ಯಂತ್ರವೂ ಸಿಗುತ್ತಿತ್ತು.

"ಅಂಕಲ್, ಅಳಿಸುವ ಮೊದಲು ನಾನು ನೋಡಿದ್ದೇನೆ. ಪೆನ್ಸಿಲಿನಿಂದ ಒತ್ತಿದಾಗ ಮೊದಲ ಸಾಲು ಬಂತು. ವಾಸು ವೆಲ್ ಅಂತ. ಕ್ರಿಸ್ಮಸ್ಸಿಗೇ ಹೋಗಿದ್ದರೆ ಜನವರಿಯಲ್ಲಿ ನನಗೆ ಅದು ಎಲ್ಲಿಂದ ಕಾಣಬೇಕು?"

ಅವರ ಕೈ ಪೆಟ್ಟಿಗೆಯ ಮೇಲೆ ನಿಂತಿತು.

"ಎಷ್ಟು?"

"ನಾಲ್ಕು ಪಾಯಿಂಟ್ ಮೂರು ಐದು ಒಂದು."

"ಮೂರು ಒಂದು ಐದು," ಎಂದರು ತಕ್ಷಣ. "ನಾಲ್ಕು ಪಾಯಿಂಟ್ ಮೂರು ಒಂದು ಐದು. ಬಾವಿಕಟ್ಟೆಯ ಪಡುಬದಿ. ಊರಿಗೆ ಬಂದು ಮೊದಲು ಅಳೆದದ್ದು ಅದನ್ನೇ."

ಇನ್ನೂರ ಹನ್ನೆರಡರಲ್ಲಿ ನಾನು ನೋಡಿದ್ದು ಒಂದನ್ನು. ಅದನ್ನೂ ತಪ್ಪು ಓದಿದ್ದೆ.

ಆಂಟಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಚಾಕು ಹಾಗೇ ಇತ್ತು. ಮೀನು ಶುದ್ಧ ಮಾಡುತ್ತಿದ್ದರೆಂದು ಕಾಣುತ್ತದೆ. ಕೊಂಕಣಿಯಲ್ಲಿ ಏನೋ ಅಂದರು. ನನಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕೆಂದು ಅಂದದ್ದೂ ಅಲ್ಲ.

ಅಂಕಲ್ ಕೂಗಾಡಲಿಲ್ಲ. ಎದ್ದು ಯಂತ್ರವನ್ನು ಒಳಗಿಟ್ಟು ಕಪಾಟಿಗೆ ಬೀಗ ಹಾಕಿ ಬಂದರು. ಬಾಗಿಲ ಚೀಟಿಯ ಮುಂದೆ ನಿಂತು ಅದನ್ನು ಓದಿದರು, ಆದರೆ ಕೀಳಲಿಲ್ಲ.

"ನನ್ನ ಹತ್ತಿರ ಸಾರಿ ಹೇಳಬೇಡ," ಎಂದರು. "ಅದರಿಂದ ನನಗೆ ಎಂತದೂ ಆಗಲಿಕ್ಕಿಲ್ಲ. ನನಗೆ ಮರೆವು ಅಂತ ಎಲ್ಲಿ ಎಲ್ಲಿ ಹೋಗಿದೆಯೋ ಅಲ್ಲಿ ಹೋಗಿ ಹೇಳು. ನಾನೂ ಬರುತ್ತೇನೆ. ನಾನೊಬ್ಬನೇ ಹೇಳಿದರೆ ಅದನ್ನೂ ಮರೆವು ಅನ್ನುತ್ತಾರೆ."

ಮೊದಲು ಫಿಯೋನಾಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿಟ್ಟರು. ನಾನು ಮೊದಲಿನಿಂದ ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭವಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ. ಸತ್ತ ಸೆಲ್ಲು ಹುಡುಕಿದ ಜಾಗಕ್ಕೆ ಬಂದಾಗ ಮಾತನ್ನು ಸುತ್ತಿಬಳಸಿದೆ. "ಸೆಲ್ಲು ಸ್ವಲ್ಪ ಅದಲು ಬದಲು ಆಯಿತು," ಎಂದೆ.

"ಆಯಿತಲ್ಲ. ಮಾಡಿದೆ," ಎಂದರು ಅಂಕಲ್ ಪಕ್ಕದಿಂದ.

"ಮಾಡಿದೆ," ಎಂದೆ.

ಫಿಯೋನಾ ಕೇಳಿದ್ದು ಇಷ್ಟು: "ನೀವು ಲ್ಯಾಬಿನಲ್ಲಿ ಮಕ್ಕಳಿಗೆ ಕಲಿಸುವವರು ಅಲ್ವಾ?"

"ಹೌದು."

"ರೀಡಿಂಗ್ ತಪ್ಪು ಬಂದರೆ ಎಂತ ಮಾಡಬೇಕು ಅಂತ ಕಲಿಸುತ್ತೀರಿ?"

ಉತ್ತರಕ್ಕೆ ಅವರು ಕಾಯಲಿಲ್ಲ. "ಪಪ್ಪಾ," ಎಂದರು, "ನಾನು ಸ್ಕೂಟರ್..." ಎಂದು ಶುರುಮಾಡಿದರು. ಅಂಕಲ್ ಸ್ಪೀಕರ್ ತೆಗೆದು ಫೋನನ್ನು ಕಿವಿಗೆ ಹಿಡಿದು ಆಚೆ ಹೋದರು. ಹತ್ತು ನಿಮಿಷ ಮಾತಾಡಿದರು. ನಾನು ನಿಂತೇ ಇದ್ದೆ. ಆಂಟಿ ಕೂರು ಎನ್ನಲಿಲ್ಲ.

ಎದುರುಮನೆಗೆ ನಡೆದುಕೊಂಡು ಹೋದೆವು. ವಾಸು ಲುಂಗಿ ಮಡಚಿ ಕಟ್ಟಿ ಹೊಸ ಪಂಚಾಂಗದ ಕಲ್ಲಿಗೆ ನೀರು ಹಾಕುತ್ತಿದ್ದರು. ಪೈಪನ್ನು ಕೈಯಲ್ಲಿ ಹಿಡಿದೇ ಎಲ್ಲವನ್ನೂ ಕೇಳಿದರು.

"ಅಂದರೆ ಪೊರ್ಬುಗಳ ತಲೆ ಸರಿ ಉಂಟು," ಎಂದರು ಅಂಕಲ್‌ರ ಕಡೆ ನೋಡಿ. ಊರಿನಲ್ಲಿ ಕ್ರೈಸ್ತ ಹಿರಿಯರನ್ನು ಕರೆಯುವುದು ಹಾಗೆ.

"ಉಂಟು."

"ಅದು ನನಗೆ ಮೊದಲೇ ಗೊತ್ತಿತ್ತು. ಹೋದ ವಾರ ನನ್ನ ಹತ್ತಿರ ಹಾರೆ ವಾಪಸು ಕೇಳಿದ್ದಾರೆ. ಕೊಂಡುಹೋಗಿ ನಾಲ್ಕು ವರ್ಷವಾಗಿತ್ತು, ನಾನೇ ಮರೆತಿದ್ದೆ." ನಂತರ ನನ್ನ ಕಡೆಗೆ ತಿರುಗಿದರು. "ನಿಮ್ಮ ಒಂದು ಬಟನ್ ಸೆಲ್ಲಿನಿಂದ ನನ್ನ ಪಂಚಾಂಗ ಉಡುಪಿಯವನ ಕೈಗೆ ಹೋಯಿತಲ್ಲ ಮಾರಾಯ್ರೆ. ಅವನು ಅರ್ಧ ಗಂಟೆ ಬಂದ, ಫೋನಿನಲ್ಲಿ ಮಾತಾಡುತ್ತಾ ಅಳೆದ, ಹೋದ. ಸರಿ ಉಂಟಾ ಇಲ್ಲವಾ ದೇವರಿಗೇ ಗೊತ್ತು."

ಫೋನಿನಲ್ಲಿ ಮಾತಾಡುತ್ತಾ ಎಂದಾಗ ನಾನು ನೆಲ ನೋಡಿದೆ.

ಅಂಕಲ್ ಕಲ್ಲಿನ ಸಾಲಿನ ಒಂದು ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಇನ್ನೊಂದು ತುದಿಯವರೆಗೆ ನೋಡಿದರು. ಎದ್ದು ಮೊಣಕಾಲು ಉಜ್ಜಿಕೊಂಡು, "ರೊಸಾರಿಯೊ ಮನೆಗೆ ಹೋಗುವ," ಎಂದರು.

"ಅವರು ಯಾರು?"

"ನಮ್ಮ ವಾಡೆಯ ಗುರ್ಕಾರ. ಮೊದಲು ನಾನಿದ್ದೆ. ಫೆಬ್ರವರಿಯಲ್ಲಿ ಅವನಿಗೆ ಕೊಟ್ಟರು. ಹೆಸರು ಮರೆತುಹೋದರೆ ಕಷ್ಟ ಅಂತ. ನಾನೇ ಒಪ್ಪಿದೆ."

ಹತ್ತಿರದ ಇಪ್ಪತ್ತು ಮೂವತ್ತು ಮನೆಗಳು ಸೇರಿದರೆ ಒಂದು ವಾಡೆ. ಇಗರ್ಜಿಯ ಮಾತನ್ನು ಆ ಮನೆಗಳಿಗೆ ಮುಟ್ಟಿಸುವವನು ಗುರ್ಕಾರ. ಇದನ್ನು ಅವರು ಬೈಕಿನಲ್ಲಿ ನನ್ನ ಹಿಂದೆ ಕೂತು, ಯಾರಿಗೋ ದಾರಿ ಹೇಳುವ ಧ್ವನಿಯಲ್ಲಿ ವಿವರಿಸಿದರು. ಕೈಯನ್ನು ನನ್ನ ಭುಜದ ಮೇಲಿಡಲಿಲ್ಲ. ಹಿಂದಿನ ಕಂಬಿ ಹಿಡಿದಿದ್ದರು. ಹೊಂಡ ಬಂದಾಗಲೂ.

ರೊಸಾರಿಯೊ ಅವರ ಗೇಟಿನ ಹೊರಗೆ ಏಳೆಂಟು ಸ್ಕೂಟರ್, ಎರಡು ಕಾರು ನಿಂತಿದ್ದವು. ಅಂಗಳದ ಶಾಮಿಯಾನದಡಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಇಪ್ಪತ್ತೈದು ಜನರಾದರೂ ಇದ್ದರು. ಒಬ್ಬಳು ಹುಡುಗಿ ಟ್ರೇಯಲ್ಲಿ ಶರಬತ್ತು ಹಂಚುತ್ತಿದ್ದಳು.

"ಅಂಕಲ್, ಇವತ್ತು ಇಲ್ಲಿ ಏನೋ ಕಾರ್ಯಕ್ರಮ ಉಂಟು," ಎಂದೆ.

"ವಾಡೆಯ ಸಭೆ. ತಿಂಗಳ ಎರಡನೆಯ ಭಾನುವಾರ, ಹನ್ನೊಂದೂವರೆಗೆ." ಅವರು ಗಡಿಯಾರ ನೋಡಲಿಲ್ಲ. "ಅದಕ್ಕೇ ಈಗ ಬಂದದ್ದು."

"ರೊಸಾರಿಯೊ ಒಬ್ಬರನ್ನೇ ಹೊರಗೆ ಕರೆದು ಹೇಳಿದರೆ ಆಗುವುದಿಲ್ಲವಾ?"

ಅವರು ಬೈಕಿನಿಂದ ಇಳಿದರು. ಅಂಗಿ ಸರಿಮಾಡಿಕೊಂಡರು.

"ನನಗೆ ಮರೆವು ಅಂತ ಸುದ್ದಿ ಹೋದದ್ದು ಅವನೊಬ್ಬನಿಗೇ ಅಲ್ಲ," ಎಂದರು.

ಒಳಗೆ ಹೋದಾಗ ನಾಲ್ಕೈದು ಜನ ಎದ್ದು ಅವರಿಗೆ ಕುರ್ಚಿ ಬಿಟ್ಟುಕೊಟ್ಟರು. ಕಾಯಿಲೆಯವರಿಗೆ ಕೊಡುವ ಹಾಗೆ, ತೋಳು ಹಿಡಿದು. ಒಬ್ಬ ಹೆಂಗಸು ಅವರ ಮುಖದ ಹತ್ತಿರ ಬಗ್ಗಿ, ನಿಧಾನವಾಗಿ, ದೊಡ್ಡ ಧ್ವನಿಯಲ್ಲಿ ತನ್ನ ಹೆಸರು ಹೇಳಿದಳು. ಜೆನಿಟಾ ಎಂದು. ಅಂಕಲ್ ತಲೆ ಆಡಿಸಿದರು. ಎರಡು ತಿಂಗಳಿನಿಂದ ಹೀಗೆಯೇ ನಡೆಯುತ್ತಿತ್ತೆಂದು ಆಗ ಕಂಡಿತು. ಕಾಫಿ ಕುಡಿದು ಹೊರಟುಹೋದವನಿಗೆ ಇದು ಕಾಣುವ ಹಾಗಿರಲಿಲ್ಲ.

ಅವರು ಕೂರಲಿಲ್ಲ. ರೊಸಾರಿಯೊ ಅವರ ಹತ್ತಿರ ಕೊಂಕಣಿಯಲ್ಲಿ ಎರಡು ಮಾತಾಡಿದರು. ರೊಸಾರಿಯೊ ನನ್ನನ್ನು ನೋಡಿದರು, ಅಂಕಲ್‌ರನ್ನು ನೋಡಿದರು, ಆಮೇಲೆ ಕೈ ತಟ್ಟಿ ಎಲ್ಲರನ್ನೂ ಸುಮ್ಮನಾಗಿಸಿದರು. ಶರಬತ್ತಿನ ಹುಡುಗಿ ನನ್ನ ಮುಂದೆಯೂ ಟ್ರೇ ಹಿಡಿದಳು. ಬೇಡ ಎಂದೆ.

"ಕನ್ನಡದಲ್ಲಿ ಹೇಳು," ಎಂದರು ಅಂಕಲ್. "ಎಲ್ಲರಿಗೂ ಬರುತ್ತದೆ. ಗಟ್ಟಿಯಾಗಿ ಹೇಳು, ಹಿಂದೆ ಕೂತವರಿಗೆ ಕೇಳುವುದಿಲ್ಲ."

ನಾನು ನನ್ನ ಹೆಸರು ಹೇಳಿದೆ, ಊರು ಹೇಳಿದೆ, ಕೆಲಸ ಹೇಳಿದೆ. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಕಿವಿಯ ಹಿಂದೆ ಕೈ ಇಟ್ಟು, ಇನ್ನೊಮ್ಮೆ, ಎಂದ. ನಾನು ಮತ್ತೆ ಹೆಸರಿನಿಂದ ಶುರುಮಾಡಿದೆ.